ದೊಡ್ಡಮ್ಮನ ಭಯ, ಲೀಲಾಳ ವೇಷ

ನಮ್ಮ ದೊಡ್ಡಮ್ಮ ಈ ಭೂಮಿಯ ಮೇಲೆ ಹೆದರದೇ ಇದ್ದದ್ದು ಒಬ್ಬರಿಗೆ ಮಾತ್ರ, ನಮ್ಮ ದೊಡ್ಡಪ್ಪನಿಗೆ. ಅವರು ತೀರಿಕೊಂಡರು ನೋಡಿ, ಆಮೇಲೆ ಅವರಿಗೂ ಹೆದರಲು ಶುರು ಮಾಡಿದಳು! ಕತ್ತಲಾಯಿತೆಂದರೆ ಅವರ ಫೋಟೊ ತೂಗುಹಾಕಿರುವ ನಡುಮನೆಗೆ ಒಬ್ಬಳೇ ಕಾಲಿಡುವುದಿಲ್ಲ. "ಬದುಕಿದ್ದಾಗ ಗದರ್ಸಿದ್ದೇ ಗದರ್ಸಿದ್ದು. ಈಗ ತೀರ್ಸ್ಕಳಾಕೆ ಬಂದ್ಬುಟ್ರೆ ಏನ್ ಮಾಡ್ಲಿ?" ಎನ್ನುತ್ತಾಳೆ.

ಭಯಪಡುವುದರಲ್ಲಿ ದೊಡ್ಡಮ್ಮನಿಗೆ ಭೇದಭಾವವಿಲ್ಲ. ಹಲ್ಲಿ, ಸಿಡಿಲು, ಪೊಲೀಸು, ಇಂಜೆಕ್ಷನ್ನು, ಎಲ್ಲಕ್ಕೂ ಸಮಪಾಲು. ಗ್ಯಾಸ್ ಒಲೆಯ ಮೇಲೆ ಕುಕ್ಕರ್ ಇಟ್ಟಳೆಂದರೆ ಸೆರಗು ಸಿಕ್ಕಿಸಿಕೊಂಡು ಬೀದಿಗೆ ಓಡುತ್ತಾಳೆ. ಎದುರುಮನೆಯ ಜಗಲಿ ಮೇಲೆ ಕೂತು ಅಲ್ಲಿಂದಲೇ ವಿಷಲ್ ಎಣಿಸುತ್ತಾಳೆ. ಎಣಿಕೆ ತಪ್ಪಿದರೆ ಬೀದಿಯವರಿಲ್ಲವೇ? "ಅವ್ವಾ, ಆಯ್ತು, ಹೋಗಿ ಆರ್ಸು" ಎಂದು ಹಸು ಹೊಡೆದುಕೊಂಡು ಹೋಗುವವರೂ ಕೂಗಿ ಹೇಳುತ್ತಾರೆ. ನಮ್ಮ ಮನೆಯ ಬೇಳೆ ಬೆಂದ ಸುದ್ದಿ ನಮಗಿಂತ ಮೊದಲು ಊರಿಗೆ ಗೊತ್ತಾಗಿರುತ್ತದೆ!

ಫೋನ್ ಹೊಡೆದುಕೊಂಡರೆ ಎತ್ತುವುದಿಲ್ಲ. ಕೆಟ್ಟ ಸುದ್ದಿಯಾಗಿದ್ದರೆ?

"ನೀನು ಎತ್ತದಿದ್ರೆ ಕೆಟ್ಟದ್ದು ನಡೆಯಲ್ವಾ ದೊಡ್ಡಮ್ಮ?" ಎಂದು ಒಮ್ಮೆ ಕೇಳಿದೆ.

"ನಡೀತದೆ. ಆದ್ರೆ ನಮ್ಮನೇಗೆ ಬರಾಕಿಲ್ಲ ಕಣೇ."

ಇದಕ್ಕೆ ಏನು ಹೇಳುತ್ತೀರಿ? ನಾನು ಮಧುಗಿರಿಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಪಾಠ ಮಾಡುವವಳು. ಮರುದಿನ ಕ್ಲಾಸಿನಲ್ಲಿ ಅದನ್ನೇ ಬೋರ್ಡಿನ ಮೇಲೆ ಬರೆದು ಹುಡುಗರನ್ನು ಕೇಳಿದೆ.

ಶಿರಾಕ್ಕೆ ಬಸ್ಸಿನಲ್ಲಿ ಹೋಗುವಾಗ ಡ್ರೈವರ್ ಹಿಂದಿನ ಸೀಟೇ ಆಗಬೇಕು. ನಿದ್ದೆಗಿದ್ದೆಯ ಮಾತೇ ಇಲ್ಲ. "ಲಾರಿ ಬತ್ತಾ ಅದೆ ಕಣಪ್ಪ... ತಿರುವು, ತಿರುವು... ಎಮ್ಮೆ!" ಎಂದು ದಾರಿಯುದ್ದಕ್ಕೂ ಹೇಳಿಕೊಡುತ್ತಾಳೆ. ಒಂದು ಸಲ ಆ ಪುಣ್ಯಾತ್ಮ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಎದ್ದು ನಿಂತು ಕೈಮುಗಿದ. "ಕಣ್ಣು ನಿಂದು, ಬಾಯಿ ನಿಂದು, ಸ್ಟೇರಿಂಗ್ ಒಂದು ಮಾತ್ರ ಯಾಕವ್ವಾ ನನ್ಗೆ? ಬಾ, ನೀನೇ ಕುತ್ಕೊ!"

ಆದರೆ ದೊಡ್ಡಮ್ಮನ ಒಂದು ಭಯಕ್ಕೆ ಮಾತ್ರ ಊರಲ್ಲಿ ಯಾರೂ ನಗುವುದಿಲ್ಲ. ನಮ್ಮೂರು ಮಧುಗಿರಿಯಿಂದ ಕೊರಟಗೆರೆ ಕಡೆಗೆ ಹೋಗುವಾಗ ಗುಡ್ಡದ ಬುಡದಲ್ಲಿದೆ. ನಮ್ಮ ಹಿತ್ತಲ ಬೇಲಿ ಮುಗಿದಲ್ಲಿ ಬಂಡೆ ಶುರು. ಆ ಬಂಡೆಗಳ ಸಂದಿಯಲ್ಲಿ ಕರಡಿಗಳಿವೆ. ಕಡ್ಲೆಕಾಯಿ ಹೊಲಕ್ಕೆ ನಸುಕಿನಲ್ಲಿ ಹೋಗಿದ್ದ ನಮ್ಮೂರವರೊಬ್ಬರ ಮುಖವನ್ನು ಕರಡಿ ಒಂದೇ ಏಟಿಗೆ ಸುಲಿದುಬಿಟ್ಟಿತ್ತು. ಅವರು ಬದುಕಿದರು. ಆದರೆ ಇವತ್ತಿಗೂ ಹೋಟೆಲಿನಲ್ಲಿ ಗೋಡೆ ಕಡೆ ತಿರುಗಿ ಕೂತೇ ಟೀ ಕುಡಿಯುತ್ತಾರೆ. ದೊಡ್ಡಮ್ಮ ಹೊತ್ತು ಮುಳುಗಿದ ಮೇಲೆ ಕರಡಿಯ ಹೆಸರು ಎತ್ತುವುದಿಲ್ಲ. 'ಗುಡ್ಡದೋನು' ಎನ್ನುತ್ತಾಳೆ, ಅದೂ ಪಿಸುಮಾತಿನಲ್ಲಿ.

ಇಂಥ ಮನೆಗೆ ಬಂದಳು ಲೇನಾ.

ಜರ್ಮನಿಯ ಹುಡುಗಿ. ತುಮಕೂರಿನ ಕಾಲೇಜಿಗೆ ವಿನಿಮಯ ವಿದ್ಯಾರ್ಥಿನಿಯಾಗಿ ಬಂದಿದ್ದಳು. ಮಳೆ ಕಮ್ಮಿ ಇರುವ ಕಡೆ ಜನ ರಾಗಿ, ನವಣೆ ಹೇಗೆ ಬೆಳೆಯುತ್ತಾರೆ ಅಂತ ಅವಳು ಬರೆಯಬೇಕಿತ್ತಂತೆ. ಹಳ್ಳಿಯಲ್ಲಿ ಉಳಿಯಲು ಒಂದು ಮನೆ ಬೇಕು ಎಂದು ಆ ಕಾಲೇಜಿನ ನನ್ನ ಗೆಳತಿ ಕೇಳಿದಳು. ನಮ್ಮ ಮನೆಯಲ್ಲಿ ಇರುವವರು ನಾನು ಮತ್ತು ದೊಡ್ಡಮ್ಮ ಇಬ್ಬರೇ. ಸರಿ, ಕಳಿಸು ಎಂದೆ. ದೊಡ್ಡಮ್ಮ ಅವಳನ್ನು ಒಂದು ಗಳಿಗೆ ನೋಡಿ, ಕೆನ್ನೆ ಮುಟ್ಟಿ, ಹೆಸರನ್ನು 'ಲೀಲಾ' ಎಂದು ತಿದ್ದಿದಳು. ಅಲ್ಲಿಗೆ ಆ ವಿಷಯ ಮುಗಿಯಿತು.

ದೇವರು ತಮಾಷೆಗಾರ. ಭಯ ಎಂಬುದೇ ಗೊತ್ತಿಲ್ಲದ ಹುಡುಗಿಯನ್ನು ಹುಡುಕಿ ಹುಡುಕಿ ನಮ್ಮ ಮನೆಗೇ ಕಳಿಸಿದ್ದ! ಹಲ್ಲಿಯನ್ನು ಬರಿಗೈಯಲ್ಲಿ ಹಿಡಿದು ಎತ್ತಿ ಆಚೆ ಬಿಟ್ಟು ಬರುತ್ತಿದ್ದಳು. ಮಧುಗಿರಿ ಬೆಟ್ಟವನ್ನು ಕಂಬಿ ಹಿಡಿಯದೆ ಹತ್ತಿ, ಮೇಲಿಂದ ಕೈಬೀಸುವ ಫೋಟೊ ಕಳಿಸಿದಳು. ದೊಡ್ಡಮ್ಮ ಆ ಫೋಟೊ ನೋಡಿಯೇ ತಲೆಸುತ್ತಿ ಗೋಡೆ ಹಿಡಿದುಕೊಂಡಳು. "ಇವ್ಳ ಪಾಲಿನ ಭಯಾನೂ ನಾನೇ ಪಡಬೇಕಾಯ್ತಲ್ಲೇ! ಈ ವಯಸ್ಸಿಗೆ ಇಬ್ಬರ ಕೆಲ್ಸ!"

ಲೀಲಾ ನಮ್ಮ ಮನೆಯಲ್ಲಿ ಕಲಿತ ಮೊದಲ ಕನ್ನಡ ಪದ ಯಾವುದು ಹೇಳಿ? 'ಬ್ಯಾಡ'. ಹತ್ತಬ್ಯಾಡ, ಇಳೀಬ್ಯಾಡ, ಬಗ್ಗಬ್ಯಾಡ, ಒಬ್ಬಳೇ ಹೋಗಬ್ಯಾಡ. ಆರಂಭದಲ್ಲಿ ಅವಳು ಅದನ್ನು ಒಂದು ಬಗೆಯ ನಮಸ್ಕಾರ ಅಂತ ತಿಳಿದಿದ್ದಳು! ಎದುರಿಗೆ ಸಿಕ್ಕವರಿಗೆಲ್ಲ ನಕ್ಕು "ಬ್ಯಾಡ" ಅನ್ನುತ್ತಿದ್ದಳು. ಅರ್ಥ ತಿಳಿದ ಮೇಲೂ ಸಿಟ್ಟಾಗಲಿಲ್ಲ. ದೊಡ್ಡಮ್ಮ 'ಬ್ಯಾಡ' ಎಂದರೆ ಇದ್ದಲ್ಲೇ ನಿಂತುಬಿಡುವಳು. ಆಮೇಲೆ ದೊಡ್ಡಮ್ಮ ಆಚೆ ತಿರುಗಿದಾಗ ಮಾಡುವುದನ್ನು ಮಾಡುವಳು, ಆ ಮಾತು ಬೇರೆ.

ಚಳಿಗಾಲ ಮುಗಿಯುವ ಹೊತ್ತಿಗೆ ಅವಳ ಊರಿನಲ್ಲಿ ಎಲ್ಲರೂ ವೇಷ ಹಾಕಿ ಕುಣಿಯುವ ಹಬ್ಬವಂತೆ. ಊರಿನ ನೆನಪಾಗಿ ಎರಡು ದಿನ ಸಪ್ಪಗಿದ್ದಳು. ಅವಳ ಕಾಲೇಜಿನ ಗೆಳತಿ, ಶಿರಾದ ಆಯೇಷಾ, "ಅರೆ, ಅಷ್ಟೇನಾ? ನಮ್ಮ ಮನೇಲೇ ವೇಷದ ಪಾರ್ಟಿ ಮಾಡೋಣ" ಎಂದಳು. ದೊಡ್ಡಮ್ಮನಿಗೆ ಗೊತ್ತಾಯಿತು. ಸಂಜೆ ಮೇಲೆ ಶಿರಾಕ್ಕಾ? ಬೈಕಲ್ಲಾ? "ಬ್ಯಾಡ! ಕುಣಿಯೋದಿದ್ರೆ ನಮ್ಮ ಮಾಳಿಗೆ ಮೇಲೇ ಕುಣೀರಿ. ಕೋಳಿಸಾರು ನಾನು ಮಾಡ್ತೀನಿ."

ಹೀಗೆ ಹುಣ್ಣಿಮೆಗೆ ಹತ್ತಿರದ ಒಂದು ಸಂಜೆ ನಮ್ಮ ಮನೆಗೆ ಯಮಧರ್ಮರಾಯ ಬಂದ!

ಅವನು ಲೀಲಾಳ ಕಾಲೇಜಿನವನೇ, ಪಾವಗಡದ ಹುಡುಗ. ರಟ್ಟಿನ ಗದೆ, ರಟ್ಟಿನ ಕಿರೀಟ, ಅಮ್ಮನ ಕೆಂಪು ಸೀರೆ. ಬಾಗಿಲಲ್ಲಿ ನಿಂತು ತನ್ನ ತೆಲುಗಿನಲ್ಲಿ "ಏಂ ದೊಡ್ಡಮ್ಮಾ, ಭಯಮಾ?" ಎಂದು ಗದೆ ಎತ್ತಿದ. ದೊಡ್ಡಮ್ಮ ಸೌಟು ಹಿಡಿದೇ ಅಡುಗೆಮನೆ ಚಿಲಕ ಹಾಕಿಕೊಂಡಳು. "ನಾನು ದೊಡ್ಡಮ್ಮಾ, ನಿನ್ನೆ ಮೊಟ್ಟೆ ತಂದ್ಕೊಟ್ನಲ್ಲ, ಆ ಹುಡುಗ" ಎಂದು ಯಮ ಕಿರೀಟ ತೆಗೆದು ಬೇಡಿಕೊಂಡ ಮೇಲೇ ಬಾಗಿಲು ತೆರೆದದ್ದು. ಆಯೇಷಾ ಬಸ್ ಕಂಡಕ್ಟರ್ ಆಗಿದ್ದಳು. ನನ್ನನ್ನು ಹಿಡಿದು ನರ್ಸ್ ಮಾಡಿ, ಕೈಗೆ ಸೂಜಿಯಿಲ್ಲದ ಒಂದು ಸಿರಿಂಜು ಕೊಟ್ಟರು. ಆವತ್ತು ಸಂಜೆಯೆಲ್ಲ ದೊಡ್ಡಮ್ಮ ನನ್ನ ಹತ್ತಿರ ಸುಳಿಯಲಿಲ್ಲ.

ಲೀಲಾ? ಆಯೇಷಾ ಶಿರಾದಿಂದ ತಂದಿದ್ದ ಎರಡು ಕರಿಕಂಬಳಿಗಳನ್ನು ಹೊಲಿದು ಮೈತುಂಬ ಸುತ್ತಿಕೊಂಡು, ಮೂಗಿಗೆ ಕಾಡಿಗೆ ಬಳಿದುಕೊಂಡು, ನಾಲ್ಕು ಕಾಲಲ್ಲಿ ನಡುಮನೆಗೆ ಬಂದಳು. ಅವಳ ಊರಿನ ಹಬ್ಬದಲ್ಲಿ ಕರಡಿಯೇ ದೊಡ್ಡ ವೇಷವಂತೆ!

ದೊಡ್ಡಮ್ಮನ ಮುಖ ಬಿಳಿಚಿಕೊಂಡಿತು. "ಅದೊಂದು ಬ್ಯಾಡ ಮಗಾ. ಬ್ಯಾರೆ ಏನಾರ ಆಗು. ಗುಡ್ಡದೋನು ನೋಡ್ತಾ ಇರ್ತಾನೆ."

ಲೀಲಾ ಕಂಬಳಿಯೊಳಗಿಂದ ಕೈ ಚಾಚಿ ಅವಳನ್ನು ತಬ್ಬಿಕೊಂಡಳು. "ದೊಡ್ಡಮ್ಮ, ಸುಮ್ನಿರಿ. ನಾನು ಒಳ್ಳೇ ಕರಡಿ."

ಮಾಳಿಗೆಯಲ್ಲಿ ಎಂಥ ಸಂಭ್ರಮ! ಬಣ್ಣದ ಬಲ್ಬು, ಬಾಡಿಗೆಯ ಸ್ಪೀಕರ್. ಕಂಡಕ್ಟರ್ ಎಲ್ಲರಿಗೂ ಟಿಕೆಟ್ ಹರಿದು ಕೊಟ್ಟಳು, ಯಮ ಪಾಸ್ ತೋರಿಸಿದ. ಕರಡಿ ಯಮನ ಹೆಗಲ ಮೇಲೆ ಕೈಹಾಕಿ ತಮಟೆ ಹಾಡಿಗೆ ಕುಣಿಯಿತು. ಮನೆಯಿಂದ ಅಷ್ಟು ದೂರ ಬಂದ ಹುಡುಗಿ ಅಷ್ಟು ನಗುವುದನ್ನು ನೋಡಿ ನಾನೂ ಸಿರಿಂಜು ಹಿಡಿದು ಕುಣಿದೆ. ದೊಡ್ಡಮ್ಮ ಮಾತ್ರ ಕೆಳಗೆ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಕಾವಲು ಕಾಯುತ್ತಿದ್ದಳು.

ಆಗ ಕರೆಂಟು ಹೋಯಿತು.

ಹಾಡು ನಿಂತಿತು. ಕಣ್ಣು ಬೆಳದಿಂಗಳಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಕೆಳಗಿನಿಂದ ದೊಡ್ಡಮ್ಮ ಬೈಯುವುದು ಕೇಳಿಸಿತು. ಮಾಳಿಗೆಯ ಅಂಚಿಗೆ ಹೋಗಿ ಬಗ್ಗಿ ನೋಡಿದೆ. ನಮ್ಮ ಹಿತ್ತಲಲ್ಲಿ ಒಂದು ಎಲಚಿ ಮರವಿದೆ, ಅದು ಹಣ್ಣು ಉದುರುವ ಕಾಲ. ಲೀಲಾಗೆ ಎಲಚಿಹಣ್ಣೆಂದರೆ ಪ್ರಾಣ. ಮರದ ಕೆಳಗೆ ಕರಡಿ ಕೂತು, ಹಣ್ಣು ಆರಿಸಿ ಚಪ್ಪರಿಸುತ್ತಿತ್ತು.

"ಲೇ ಲೀಲಾ! ಹೊತ್ತು ಮುಳುಗಿದ ಮೇಲೆ ಎಲಚಿ ತಿಂದ್ರೆ ಕೆಮ್ಮು ಬತ್ತದೆ ಅಂತ ಎಷ್ಟು ಸಲ ಹೇಳ್ಲಿ? ಎದ್ದು ಬಾ ಒಳೀಕೆ!"

ಕರಡಿ ತಲೆ ಎತ್ತಿತು. ಮತ್ತೆ ತಿನ್ನತೊಡಗಿತು. ನನ್ನ ಪಕ್ಕಕ್ಕೆ ಬಂದ ಆಯೇಷಾ, ಯಮ ಇಬ್ಬರೂ ಕಿಸಕ್ಕೆಂದರು.

ಕೆಳಗೆ ದೊಡ್ಡಮ್ಮ ಗಕ್ಕನೆ ಸುಮ್ಮನಾದಳು. ಆಮೇಲೆ ಮತ್ತೆ ಶುರು ಮಾಡಿದಳು, ಈ ಸಲ ನಿಧಾನವಾಗಿ. "ಬ್ಯಾಡ ಬುಡು. ಬರಬ್ಯಾಡ. ಅಲ್ಲೇ ಇರು ಲೀಲಾ. ಬಾಗ್ಲು ತೆಗೀಬ್ಯಾಡ ಕಣಮ್ಮ. ನಾನು ಹೇಳೋಗಂಟ ಬ್ಯಾಡ."

"ಬಾ ಅಂತಾರೆ, ಬರಬ್ಯಾಡ ಅಂತಾರೆ!" ಯಮ ನಕ್ಕ. "ಯಾವ ಬಾಗಿಲು?"

ನಾನೂ ನಗುತ್ತಾ ಇನ್ನಷ್ಟು ಬಗ್ಗಲು ಗೋಡೆಗೆ ಕೈ ಊರಿದೆ. ಕೈಗೆ ಒರಟಾದ ಉಣ್ಣೆ ತಗುಲಿತು. ನೋಡಿದೆ. ಎರಡು ಕರಿಕಂಬಳಿ, ಸೇರಿಸಿ ಹೊಲಿದದ್ದು. ಕುಣಿದು ಸೆಕೆಯಾಗಿ ಲೀಲಾ ಅದನ್ನು ಅಲ್ಲಿ ಹರವಿದ್ದಳು.

ವೇಷ ಇಲ್ಲಿದೆ. ಹಾಗಾದರೆ ಕೆಳಗೆ ಕೂತಿರುವುದು?

ಕೂಗಲು ಬಾಯಿ ತೆರೆದವಳು, ಕರಡಿ ಬೆದರಿ ದೊಡ್ಡಮ್ಮನ ಮೇಲೆ ಬಿದ್ದರೆ ಎಂದು ಮುಚ್ಚಿಕೊಂಡೆ. ಆಯೇಷಾ ನನ್ನ ತೋಳಿಗೆ ಉಗುರು ಊರಿದ್ದಳು, ಅವಳಿಗೂ ತಿಳಿದಿತ್ತು. ಲೀಲಾ ಎಲ್ಲಿ? ಆಗ ಕಂಡಿತು. ಎಲಚಿ ಮರದ ಆಚೆ ಇರುವ ನಮ್ಮ ಬಚ್ಚಲುಮನೆಯ ಬಾಗಿಲ ಕೆಳಗೆ ಮೊಬೈಲ್ ಬೆಳಕು. ಕಾಡಿಗೆ ತೊಳೆಯಲು ಮನೆಯ ಪಕ್ಕದ ಮೆಟ್ಟಿಲಿಳಿದು, ದೊಡ್ಡಮ್ಮನ ಕಣ್ಣಿಗೆ ಬೀಳದೆ ಹೋಗಿದ್ದಾಳೆ. ಅವಳಿಗೂ ಮನೆಗೂ ನಡುವೆ ಕರಡಿ.

ಅದು ಎದ್ದು ನಿಂತಿತು. ಎರಡು ಕಾಲಿನ ಮೇಲೆ. ಮೂಗನ್ನು ಬಚ್ಚಲುಮನೆ ಕಡೆಗೆ ತಿರುಗಿಸಿ ಗಾಳಿಯನ್ನು ಎಳೆದುಕೊಂಡಿತು, ಆ ಸದ್ದು ಮಾಳಿಗೆಗೆ ಕೇಳಿಸಿತು. ದೊಡ್ಡಮ್ಮ ಮೆಟ್ಟಿಲು ಇಳಿದಳು. ಅಯ್ಯೋ, ಲೀಲಾ ಅಂತಲೇ ತಿಳಿದು ಹತ್ತಿರ ಹೋಗುತ್ತಿದ್ದಾಳಲ್ಲ! "ಇತ್ತ ತಿರುಗು. ಇತ್ತ. ನಾಳೆ ರೊಟ್ಟಿ ತಟ್ತೀನಿ. ಹುಚ್ಚೆಳ್ಳು ಚಟ್ನಿ ಮಾಡ್ತೀನಿ. ನೀನು ಅಲ್ಲೇ ಇರಮ್ಮ, ಬ್ಯಾಡ, ಬ್ಯಾಡ..." ಕರಡಿ ಅವಳ ಕಡೆಗೆ ತಿರುಗಿತು. ಇಬ್ಬರ ನಡುವೆ ಒಂದು ಚಾಪೆ ಹಾಸುವಷ್ಟು ಜಾಗ. ಆ ಸುಕ್ಕುಬಿದ್ದ, ಎಲೆಅಡಿಕೆಯ ಮುಖವನ್ನು ಇನ್ನು ನೋಡುತ್ತೇನೋ ಇಲ್ಲವೋ ಎಂದು ನಾನು ಕಣ್ಣು ಮುಚ್ಚಿದೆ.

ಕರೆಂಟು ಬಂತು!

ಬಣ್ಣದ ಬಲ್ಬುಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಸ್ಪೀಕರಿನಿಂದ ತಮಟೆ ಹಾಡು ನಿಂತಲ್ಲಿಂದಲೇ ಸಿಡಿಯಿತು. ಕರಡಿ ಹುಫ್ ಎಂದು ಹಿಂದಕ್ಕೆ ಬಿದ್ದು, ಎದ್ದು, ಬೇಲಿ ಮುರಿದುಕೊಂಡು ಗುಡ್ಡಕ್ಕೆ ಓಡಿತು.

ನಾವು ಮೆಟ್ಟಿಲು ಇಳಿದೆವೋ ಉರುಳಿದೆವೋ ತಿಳಿಯದು. ಯಮ ಮಾತ್ರ ನೀರಿನ ಟ್ಯಾಂಕಿನ ಹಿಂದಿನಿಂದ ಅಲುಗಲಿಲ್ಲ. ಅವನ ಗದೆ ಮರುದಿನ ಬೆಳಿಗ್ಗೆ ಟ್ಯಾಂಕಿನೊಳಗೆ ಸಿಕ್ಕಿತು!

"ದೊಡ್ಡಮ್ಮಾ, ಅದು ಕರಡಿ! ನಿಜವಾದ ಕರಡಿ!"

ದೊಡ್ಡಮ್ಮ ನಮ್ಮನ್ನೂ, ಬಚ್ಚಲುಮನೆಯಿಂದ ಮುಖ ಒರೆಸುತ್ತಾ ಬರುತ್ತಿದ್ದ ಲೀಲಾಳನ್ನೂ ನೋಡಿದಳು. "ಹೌದಾ? ನಾನು ಈ ಹುಡ್ಗಿ ಅನ್ಕಂಡು ಬೈತಾ ಇದ್ನಲ್ಲಪ್ಪೋ!" ಎಂದು ಮೆಟ್ಟಿಲ ಮೇಲೆ ಕುಸಿದಳು.

ನಾವು ನಕ್ಕೆವು. ಅತ್ತುಕೊಂಡೇ ನಕ್ಕೆವು. ಆಮೇಲೆ ಊರು ನಕ್ಕಿತು, ಮಧುಗಿರಿಯ ತರಕಾರಿ ಅಂಗಡಿಯವರೂ ನಕ್ಕರು. ಕರಡಿಗೆ ಕೆಮ್ಮಿನ ಬುದ್ಧಿ ಹೇಳಿದ ಅಜ್ಜಿ! ರೊಟ್ಟಿಗೆ ಕರೆದ ಅಜ್ಜಿ! ಲೀಲಾಗಂತೂ ಹೇಳತೀರದ ಖುಷಿ. ತನ್ನ ಪಾರ್ಟಿಗೆ ನಿಜವಾದ ಕರಡಿ ಬಂತೆಂದೂ ದೊಡ್ಡಮ್ಮ ಅದನ್ನು ಬೈದು ಓಡಿಸಿದಳೆಂದೂ ಜರ್ಮನಿಗೆ ಫೋನ್ ಮಾಡಿ ಮಾಡಿ ಹೇಳಿದಳು. ದೊಡ್ಡಮ್ಮ ಯಾರು ಕೇಳಿದರೂ "ಕಣ್ಣು ಮಂಜು ಕಣ್ರಪ್ಪ" ಎಂದು ತಾನೂ ನಕ್ಕಳು.

ಬೇಸಿಗೆ ಕಳೆಯುವ ಹೊತ್ತಿಗೆ ಲೀಲಾ ಹೊರಟಳು. ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಬೆಂಗಳೂರು ಬಸ್ಸಿಗೆ ಹತ್ತಿಸಿದೆವು. ಕಿಟಕಿಯಿಂದ ಅರ್ಧ ಮೈ ಹೊರಚಾಚಿ ಕೈಬೀಸಿದಳು. ಬಸ್ಸು ಕಣ್ಮರೆಯಾದ ಮೇಲೂ ದೊಡ್ಡಮ್ಮ ಕಲ್ಲುಬೆಂಚಿನಿಂದ ಏಳಲಿಲ್ಲ.

"ಲೇ, ಆವತ್ತು ನಂಗೆ ಗೊತ್ತಾಗಿತ್ತು ಕಣೇ" ಎಂದಳು.

"ಏನು ಗೊತ್ತಾಗಿತ್ತು?"

"ಅದು ಗುಡ್ಡದೋನು ಅಂತ. ಮೊದ್ಲು ಮಗೀನೇ ಅನ್ಕಂಡೆ. ಆಮೇಲೆ ವಾಸ್ನೆ ಬಂತು. ಅಷ್ಟೊತ್ಗೆ ಬಚ್ಚಲುಮನೆ ಚಿಲ್ಕ ಅಲ್ಲಾಡ್ತು. ನಾನು ಕಿರುಚ್ಕೊಂಡಿದ್ರೆ ಆ ಮಗ ಬಾಗ್ಲು ತಕ್ಕಂಡು ಓಡಿ ಬರೋದು, ನೇರ ಅದರ ಬಾಯಿಗೆ. ಅದ್ಕೇ ಮಾತಾಡ್ತಾ ನಿಂತ್ಕಂಡೆ. ಬಾಗ್ಲು ತೆಗೀಬ್ಯಾಡ ಅಂದಿದ್ದು ಅವ್ಳಿಗೆ."

ನಾನು ಕಲ್ಲುಬೆಂಚಿನ ಮೇಲೆ ಅವಳ ಪಕ್ಕ ಕೂತೆ. "ಹೆದರಿಕೆ ಆಗಲಿಲ್ವಾ ದೊಡ್ಡಮ್ಮ?"

"ಆಗ್ದೆ ಏನು? ಸೀರೆ ಒದ್ದೆ ಆಗೋಗಿತ್ತು. ಯಾರ್ಗೂ ಹೇಳ್ಬ್ಯಾಡ."

ನಾನು ಯಾರಿಗೂ ಹೇಳಿಲ್ಲ. ನೀವೂ ಹೇಳಬೇಡಿ!

"ಮತ್ತೆ ಊರೆಲ್ಲ ನಗ್ತಿದ್ದಾಗ ಯಾಕೆ ಸುಮ್ಮನಿದ್ದೆ?"

ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಬಸ್ಸು ಹೋದ ದಾರಿಯನ್ನೇ ನೋಡಿದಳು.

"ಹೇಳಿದ್ರೆ ಅದು ಎಷ್ಟು ಹತ್ರ ಬಂದಿತ್ತು ಅಂತ ಆ ಮಗೀಗೆ ತಿಳಿಯೋದು. ಹೆದರ್ದೆ ಬಂದಿತ್ತು ಕಣೇ ನಮ್ಮನೇಗೆ. ಹೆದರ್ದೇ ಹೋಗ್ಲಿ ಅಂತ."