ಒಂದೇ ಪೆಟ್ಟಿಗೆ, ಎರಡು ತಟ್ಟೆ

ಹುಮನಾಬಾದಿನ ಕಿರಾಣಿ ವ್ಯಾಪಾರಿ ದಿಗಂಬರನಿಗೆ ಶ್ರಾವಣ ಮಾಸದ ಮೇಲೆ ಭಕ್ತಿಯಿತ್ತು, ಸಿಟ್ಟಿದ್ದದ್ದು ಶ್ರಾವಣದ ಥಂಡಿ ಗಾಳಿಯ ಮೇಲೆ. ಹೆಂಡತಿ ಶೀತಲ್ ಮಾರಲೆಂದು ಬಡಿದ ಕಡಕ್ ರೊಟ್ಟಿ ಆ ಗಾಳಿಗೆ ಬೆಳಗಾಗುವುದರೊಳಗೆ ಒದ್ದೆ ರಟ್ಟಿನಂತೆ ಮೆತ್ತಗಾಗುತ್ತಿತ್ತು. ಬಸವಕಲ್ಯಾಣದ ಖಾನಾವಳಿಯ ರತ್ನಮಾಲಾಬಾಯಿ ಮೊದಲ ಡಬ್ಬಿಯನ್ನೇ ವಾಪಸು ಕಳಿಸಿ, “ಇನ್ನೊಮ್ಮೆ ನೋಡ್ತೀನಿ, ಆಮ್ಯಾಲ ಬ್ಯಾಡ” ಎಂದಿದ್ದಳು. ಮಗಳ ಧಂದೆ ಮುಳುಗಬಾರದೆಂದು ಅದೇ ಬಸವಕಲ್ಯಾಣದಿಂದ ಅತ್ತೆ ಶಕುಂತಲಾಬಾಯಿ ನಾಲ್ಕು ದಿನಕ್ಕೆಂದು ಬಂದವರು ಹದಿನೈದು ದಿನವಾದರೂ ಇಲ್ಲೇ ಇದ್ದರು. (ಅತ್ತೆಯ ನಾಲ್ಕು ದಿನವನ್ನು ಯಾವ ಪಂಚಾಂಗವೂ ಲೆಕ್ಕ ಹಾಕಲಾರದು.)

“ಈ ಡಬ್ಬಿ ಕಡಕ್ ಮುಟ್ಟಿದ್ರ ಮರುದಿನಾನ ಊರಿಗೆ ಹೋಗ್ತೀನಿ, ಅಳಿಯಂದ್ರ. ಮೆತ್ತಗಾತಂದ್ರ ನನ್ನ ಕಳಸೂ ಮಾತ ತೆಗೀಬ್ಯಾಡ್ರಿ” ಎಂದರು ಅತ್ತೆ.

ದಿಗಂಬರನ ತಲೆಯೊಳಗೆ ಅಂದೇ ವಿಜ್ಞಾನ ಹೊಕ್ಕಿತು. ಔಷಧ ಕಾರ್ಖಾನೆಯಲ್ಲಿ ದುಡಿಯುವ ಗೆಳೆಯ ಅಜರ್, ಪೇಟೆಯಿಂದ ಒಂದು ಚೀಲ ಬಿಳಿ ಮಣಿ ಕೊಡಿಸಿದ. ಗುಳಿಗೆ ಡಬ್ಬಿಯೊಳಗೆ ಹಾಕುವ ಸಿಲಿಕಾ ಜೆಲ್.

“ಭಾಯಿ, ಇವು ಗಾಳ್ಯಾಗಿನ ನೀರು ಕುಡೀತಾವ. ಹೊಟ್ಟಿ ತುಂಬಿದ್ರ ಬಿಸಲಿಗೆ ಹಾಕು, ಮತ್ತ ನೀರಡಿಸ್ತಾವ.”

ದಿಗಂಬರ ಹಳೆಯ ಎಣ್ಣೆ ಡಬ್ಬ ಸೀಳಿ, ಒಳಗೆ ಕರಿ ಬಣ್ಣ ಬಳಿದು, ಮೇಲೆ ಕಿಟಕಿಯ ಗಾಜು ಹೊದಿಸಿ, ಮಾಳಿಗೆಯ ಮೇಲೆ ‘ಸೂರ್ಯತಾಪ ತೇವಸಂಹಾರ ಮಹಾಪೆಟ್ಟಿಗೆ’ಯನ್ನು ಪ್ರತಿಷ್ಠಾಪಿಸಿದ. ಭಾನುವಾರ ಬಿಸಿಲು ಬಿದ್ದದ್ದೇ ತಡ, ಮಣಿಗಳನ್ನು ಸ್ಟೀಲ್ ತಟ್ಟೆಯಲ್ಲಿ ಹರವಿ ಒಳಗಿಟ್ಟ. ಹಿಂದೆಯೇ ಅತ್ತೆ ಸಬ್ಬಕ್ಕಿ ಹರವಿದ ಇನ್ನೊಂದು ಸ್ಟೀಲ್ ತಟ್ಟೆ ಹಿಡಿದು ಮಾಳಿಗೆ ಹತ್ತಿದರು.

“ನನ್ನ ಸಾಬೂದಾನಿನೂ ಇಡ್ರಿ. ನಾಳೆ ಸೋಮವಾರದ ಉಪವಾಸ, ಥಂಡಿ ಹಿಡದಾವ.”

“ಅತ್ತಿಯಾರ, ಇದು ಅಡಗಿಮನಿ ಅಲ್ರಿ, ವಿಜ್ಞಾನ!”

“ಸೂರ್ಯನ್ನ ನೀವೇನ್ ಖರೀದಿ ಮಾಡೀರೇನ್ರಿ?”

ವಿಜ್ಞಾನ ಪಕ್ಕಕ್ಕೆ ಸರಿದು ಜಾಗ ಕೊಟ್ಟಿತು. ಮಧ್ಯಾಹ್ನ ಮುಗಿಯುವ ಹೊತ್ತಿಗೆ ಧೋ ಎಂದು ಮಳೆ ಬಂತು. ಅತ್ತೆ, ಅಳಿಯ ಇಬ್ಬರೂ ಓಡಿಹೋಗಿ ಕೈಗೆ ಸಿಕ್ಕ ತಟ್ಟೆ ಕಿತ್ತುಕೊಂಡು ಕೆಳಗಿಳಿದರು. ದಿಗಂಬರ ಬಿಸಿ ಆರುವ ಮೊದಲೇ ಮಣಿಗಳನ್ನು ಅರಿವೆಯ ಪುಡಿಕೆಗಳಲ್ಲಿ ಕಟ್ಟಿ, ರೊಟ್ಟಿಯ ನಡುವೆ ಇಟ್ಟು, ಮುಚ್ಚಳ ಬಿಗಿದ.

ಮರುದಿನ ಖಾನಾವಳಿಯಲ್ಲಿ, ದಿಗಂಬರ ತಾನೇ ಹೊತ್ತು ತಂದ ಡಬ್ಬಿ ತೆರೆದು ರತ್ನಮಾಲಾಬಾಯಿ ರೊಟ್ಟಿ ಮುರಿದಳು. ಕಟ್! ಇನ್ನೊಂದು. ಕಟ್! ಊಟಕ್ಕೆ ಕೂತವರೂ ತಿರುಗಿ ನೋಡಿದರು. ದಿಗಂಬರನ ಎದೆ ಪೂರಿಯಂತೆ ಉಬ್ಬಿತು. ತೇವಾಂಶ, ಸೌರಶಕ್ತಿ ಎಂದು ಭಾಷಣ ಏರುಗತಿಯಲ್ಲಿದ್ದಾಗ ಶೀತಲ್ ಫೋನು ಬಂತು. ಹೆಂಡತಿಯ ಹೊಗಳಿಕೆ ನಾಲ್ಕು ಜನ ಕೇಳಲಿ ಎಂದು ಸ್ಪೀಕರ್ ಒತ್ತಿದ.

“ರೀ! ಅವ್ವ ಸಾಬೂದಾನಿ ನೆನಿ ಹಾಕ್ಯಾಳ. ನೀರಿಗೆ ಬಿದ್ದಕೂಡ್ಲೇ ಪಟಾಕಿ ಹಂಗ ಚಟಪಟ ಸಿಡಿಯಾಕತ್ತಾವ! ಅವ್ವ ಹೆದರಿ ದೇವರ ಕೋಣಿ ಹೊಕ್ಕಾಳ!”

“ಚೆಲ್ಲು! ಚೆಲ್ಲಿಬಿಡು! ಯಾರೂ ತಿನಬ್ಯಾಡ್ರಿ!” ದಿಗಂಬರ ಚೀರಿದ.

ರತ್ನಮಾಲಾಬಾಯಿ ಪುಡಿಕೆ ಬಿಚ್ಚಿ, ಒಂದು ಮಣಿ ಹಿಚುಕಿ ನೋಡಿದಳು. “ನಿಮ್ಮ ವಿಜ್ಞಾನಕ್ಕ ಒಗ್ಗರಣಿ ಕೊಟ್ರ ಖಿಚಡಿ ಆಗ್ತದ ನೋಡ್ರಿ. ಇದು ಸಾಬೂದಾನಿ!”

ಖಾನಾವಳಿ ಬಿದ್ದು ಬಿದ್ದು ನಕ್ಕಿತು. ದಿಗಂಬರನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆದರೆ ಮರುಕ್ಷಣವೇ ಜೀವ ಬಂತು: ಮಣಿ ಯಾವುದಾದರೇನು, ಡಬ್ಬಿ ಕಡಕ್ ಮುಟ್ಟಿದೆ. ನಾಳೆ ಅತ್ತೆ ಬಸ್ ಹತ್ತಲೇಬೇಕು!

ಅಷ್ಟರಲ್ಲಿ ರತ್ನಮಾಲಾಬಾಯಿ ಫೋನಿಗೆ ಬಾಗಿದಳು. “ಶೀತಲ್, ವಾರಾ ವಾರಾ ಡಬ್ಬಿ ಕಳಸವ್ವ. ಆದ್ರ ಈ ಪುಡಿಕಿ ನಿಮ್ಮವ್ವನ ಕೈಲೇ ಆಗ್ಬೇಕು. ನಿನ್ನ ಗಂಡ ಏನ್ ತಂದು ಏನ್ ಹಾಕ್ತಾನೋ, ನಂಗ ಭರವಸಿ ಇಲ್ಲ. ಮಳಿಗಾಲ ಮುಗಿಯೂತನ ಅಕೀನ್ನ ಊರಿಗೆ ಕಳಸಬ್ಯಾಡ.”

ದೇವರ ಕೋಣೆಯಿಂದ ಹೊರಬಂದ ಅತ್ತೆಯ ದನಿ ಸ್ಪೀಕರಿನಲ್ಲಿ ಗಂಭೀರವಾಗಿ ಮೊಳಗಿತು. “ಮಗಳ ಸಲುವಾಗಿ ಇರೂದಾಯ್ತು, ಏನ್ ಮಾಡೂದು. ಅಳಿಯಂದ್ರ, ಹ್ಯಾಂಗೂ ಬಸವಕಲ್ಯಾಣದಾಗ ಅದೀರಿ. ನಮ್ಮ ಮನಿಗೆ ಹೋಗಿ ನನ್ನ ದೊಡ್ಡ ಟ್ರಂಕ್ ತಗೊಂಡ ಬರ್ರಿ. ಮಗ ಬಸವಕುಮಾರಗ ನಿನ್ನೇನ ಹೇಳೀನಿ, ಹಾಸಗೀನೂ ಸುತ್ತಿಟ್ಟಾನ.”