ಕೆಂಪು ಗನ್ನಿಗೆ ಎರಡನೇ ಡೋಸ್

ನಾನು ಕೈ ಹಾಕಿದ ಯಾವ ಕೆಲಸವೂ ಇದುವರೆಗೆ ಅರ್ಧಕ್ಕೆ ನಿಂತದ್ದಿಲ್ಲ! ಕೆಟ್ಟರೆ ಪೂರ್ತಿಯಾಗಿಯೇ ಕೆಟ್ಟಿವೆ. ಇಂಥ ಘನ ಇತಿಹಾಸವುಳ್ಳ ನಾನು ಒಂದು ಬುಧವಾರ ಬೆಳಿಗ್ಗೆ ಹಲ್ಲುಜ್ಜುತ್ತಾ, ಮಾವನವರ ಹಳೆಯ ಕಲರ್ ಟಿವಿಯನ್ನು ಹೊಸದರಂತೆ ಮಾಡಿಯೇ ತೀರುತ್ತೇನೆಂದು ಘೋಷಿಸಿದೆ. ಮೊದಲು ಬಾಯಿ ತೊಳೆದುಕೊಂಡು ಬನ್ನಿ ಎಂದು ಅಡುಗೆಮನೆಯಿಂದ ಉತ್ತರ ಬಂತು. ಮಹತ್ಕಾರ್ಯಗಳಿಗೆ ಮೊದಲ ವಿಘ್ನ ಯಾವಾಗಲೂ ಮನೆಯೊಳಗಿಂದಲೇ ಬರುತ್ತದೆ.

ನಮ್ಮ ಮಾವ ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಬಟ್ಟು ಪರೀಕ್ಷಿಸುತ್ತಿದ್ದ ಅಧಿಕಾರಿ. ನಿವೃತ್ತರಾದ ಮೇಲೆ ಅಂಗಡಿಗಳನ್ನು ಬಿಟ್ಟು ಅಳಿಯನನ್ನು ತೂಗಲು ಶುರುಮಾಡಿದರು. ಇಪ್ಪತ್ತೆರಡು ವರ್ಷದಲ್ಲಿ ಅವರ ಬಾಯಿಂದ ನನಗೆ ದಕ್ಕಿದ ಅತಿ ದೊಡ್ಡ ಪ್ರಶಸ್ತಿ "ಪರವಾಗಿಲ್ಲ" ಎಂಬುದು. ಅದೂ ನನ್ನ ಜ್ವರ ಹೇಗಿದೆ ಎಂದು ಯಾರೋ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ. ಅಂಥವರು ಮುಂದಿನ ವಾರದ ಭಾನುವಾರ ಬಂದು ನಾಲ್ಕು ದಿನ ಇರುತ್ತೇನೆಂದು ಫೋನ್ ಮಾಡಿದ್ದರು. ಅವರು ಬಂದು, ಟಿವಿ ನೋಡಿ, ನನ್ನ ಬೆನ್ನು ತಟ್ಟಿ ಒಂದು ಸಲ, ಒಂದೇ ಒಂದು ಸಲ "ಮೆಚ್ಚಿದೆ" ಅನ್ನಬೇಕು. ನನ್ನ ಜೀವನದಲ್ಲಿ ಬಾಕಿ ಉಳಿದಿದ್ದ ಆಸೆ ಅದೊಂದೇ.

ಆ ಟಿವಿ ಅವರು ಸಂಬಳ ಕೂಡಿಟ್ಟು ಕೊಂಡದ್ದು. ಹೊಸ ತೆಳ್ಳನೆಯ ಟಿವಿ ಬಂದ ಮೇಲೆ ಇದನ್ನು ಮಗಳ ಮನೆಗೆ ಸಾಗಿಸಿದ್ದರು. ಮರದ ಪೆಟ್ಟಿಗೆ, ಎರಡು ಬಾಗಿಲು, ಎತ್ತಲು ನಾಲ್ಕು ಜನ. ಬಾಗಿಲು ತೆರೆದರೆ ಒಳಗೆ ವಾರ್ತೆ ಓದುವವರಿಂದ ಹಿಡಿದು ಹಾಡುವವರವರೆಗೆ ಸಮಸ್ತರೂ ಪಾಚಿ ಹಿಡಿದವರಂತೆ ಹಸಿರಾಗಿ ಕಾಣುತ್ತಿದ್ದರು. ಮಸುಕು ಬೇರೆ. ನಮ್ಮ ಮನೆಯಲ್ಲಿ ಅದನ್ನು ಹಾಕುತ್ತಿದ್ದುದು ಹಳೆಯ ಕ್ಯಾಸೆಟ್ ನೋಡುವುದಕ್ಕೆ ಮಾತ್ರ.

ಊರಿನಲ್ಲಿ ಪಿಕ್ಚರ್ ಟ್ಯೂಬ್ ಬಲ್ಲವರು ಒಬ್ಬರೇ ಉಳಿದಿದ್ದರು. ಹಣೆಯ ಮೇಲೆ ಸದಾ ಒಂದು ಭೂತಗನ್ನಡಿ ಏರಿಸಿಕೊಂಡಿರುತ್ತಿದ್ದುದರಿಂದ ಅವರಿಗೆ ಮುಕ್ಕಣ್ಣ ಎಂದೇ ಹೆಸರು. ಮುಕ್ಕಣ್ಣ ಒಂದು ವಾರ ಕಾಯಿಸಿ ಮುಂದಿನ ಬುಧವಾರ ಬಂದು, ಟಿವಿಯ ಬೆನ್ನು ಬಿಚ್ಚಿ, ಧೂಳಿಗೆ ಮೂರು ಸಲ ಸೀನಿ, ರೋಗ ಹೇಳಿದರು. ಟ್ಯೂಬಿನ ಕತ್ತಿನಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಗನ್ನುಗಳಿರುತ್ತವಂತೆ. ಮೂರೂ ಸಮನಾಗಿ ಹೊಡೆದರೆ ಮಾತ್ರ ಮನುಷ್ಯ ಮನುಷ್ಯನಂತೆ ಕಾಣುತ್ತಾನೆ. ಇಲ್ಲಿ ಕೆಂಪು ಗನ್ನಿಗೆ ವಯಸ್ಸಾಗಿದೆ, ಕೆಮ್ಮುತ್ತಾ ಕೂತಿದೆ.

ಮುದಿ ಗನ್ನಿಗೆ ಯೌವನ ತರುವ ಒಂದು ಪೆಟ್ಟಿಗೆ ಅವರ ಬಳಿ ಇತ್ತು. ಅದಕ್ಕೊಂದು ತಿರುಗಿಸುವ ಗುಬುಟು, ಒಂದು ಗುಂಡಿ. ಟ್ಯೂಬಿನ ಕತ್ತಿಗೆ ಅದರ ಸಾಕೆಟ್ ಸಿಕ್ಕಿಸಿ, ಗುಬುಟನ್ನು ಕೆಂಪಿಗೆ ತಿರುಗಿಸಿ, ಒಂದು ಕ್ಷಣ ಗುಂಡಿ ಒತ್ತಿದರು. ಟಿವಿ ಹಾಕಿದರೆ ವಾರ್ತೆ ಓದುವಾಕೆಯ ತುಟಿಗೆ ಬಣ್ಣ ಬಂದಿತ್ತು! ನಾನು ಕುಣಿಯುವುದೊಂದು ಬಾಕಿ. ಎರಡು ದಿನ ಓಡಲಿ, ಆಮೇಲೆ ಹಿಂದಿನ ಮೂರು ಸ್ಕ್ರೂ ತಿರುಗಿಸಿ ಬಣ್ಣ ಕೂರಿಸಿಕೊಳ್ಳಿ, ನಿಮಗೆ ಬಣ್ಣ ಚೆನ್ನಾಗಿ ಗೊತ್ತಿರುವ ಯಾವುದಾದರೂ ಕ್ಯಾಸೆಟ್ ಹಾಕಿಕೊಳ್ಳಿ ಎಂದರು. ಪೆಟ್ಟಿಗೆ ಭಾರವೆಂದು ಅಲ್ಲೇ ಬಿಟ್ಟು, ಶನಿವಾರ ಒಯ್ಯುತ್ತೇನೆಂದು ಹೊರಟವರು ಬಾಗಿಲಲ್ಲಿ ತಿರುಗಿ ನಿಂತರು.

"ಯಜಮಾನ್ರೇ, ಗುಂಡಿ ಮುಟ್ಟಬೇಡಿ. ಈ ವಯಸ್ಸಿಗೆ ಒಂದು ಡೋಸ್ ಟಾನಿಕ್ಕು, ಎರಡನೇದು ವಿಷ."

ನಾನು ಅಷ್ಟೂ ತಿಳಿಯದವನೇ ಎಂಬಂತೆ ನಕ್ಕೆ.

ಬಣ್ಣ ಚೆನ್ನಾಗಿ ಗೊತ್ತಿರುವ ಕ್ಯಾಸೆಟ್ ನನ್ನ ಬಳಿ ಇತ್ತು. ಮದುವೆಗೆ ಮುಂಚೆ ನಮ್ಮ ಕಚೇರಿಯವರು ಕೆರೆಯ ಬಳಿ ಪಿಕ್ನಿಕ್ ಹೋದಾಗ ತೆಗೆದದ್ದು. ನನ್ನ ಹೆಂಡತಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ನಾನು ಅವಳನ್ನು ಮೊದಲು ನೋಡಿದ್ದು ಅಲ್ಲೇ. ಆ ಹಸಿರು ಸ್ವೆಟರ್ ನೋಡಿದವನು ಅಲ್ಲೇ ಬಿದ್ದೆ ಎಂದು ನೆಂಟರಿಷ್ಟರಿಗೆಲ್ಲ ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಆ ಸ್ವೆಟರ್ ತವರಿನಲ್ಲೇ ಹುಳ ತಿಂದು ಹೋಯಿತೆಂದು ಕೇಳಿ ಅದೇ ಹಸಿರಿನ ಇನ್ನೊಂದನ್ನು ಹುಡುಕಿ ತಂದುಕೊಟ್ಟಿದ್ದೆ. ಅವಳು ಏನೂ ಹೇಳದೆ ಹಾಕಿಕೊಂಡಿದ್ದಳು. ಮೌನವೇ ಸಂತೋಷವೆಂದು ನಾನು ತಿಳಿದಿದ್ದೆ.

ಶುಕ್ರವಾರ ರಜೆ ಹಾಕಿ ಸಮರಕ್ಕಿಳಿದೆ. ಸ್ಕ್ರೂ ಇರುವುದು ಟಿವಿಯ ಹಿಂದೆ, ಚಿತ್ರ ಬರುವುದು ಮುಂದೆ. ಹೆಂಡತಿಯ ಕನ್ನಡಿ ಮೇಜನ್ನೇ ಎಳೆದು ತಂದು ಟಿವಿಯೆದುರು ನಿಲ್ಲಿಸಿ, ಹಿಂದಿನಿಂದ ಕತ್ತು ಚಾಚಿ ನೋಡುತ್ತಾ ತಿರುಗಿಸತೊಡಗಿದೆ. ಕೆರೆ ಸರಿಹೋಯಿತು. ಆಕಾಶ ಸರಿಹೋಯಿತು. ಮುಖಗಳಿಗೆ ರಕ್ತ ಬಂತು. ಆದರೆ ಸ್ವೆಟರ್ ಹಳದಿಯಾಯಿತು! ಕೆಂಪು ಇಳಿಸಿದೆ, ಸ್ವೆಟರ್ ಹಸಿರಾಯಿತು, ಹೆಂಡತಿಯ ಮುಖ ಸೌತೆಕಾಯಿಯಾಯಿತು. ಏರಿಸಿದೆ, ಮುಖ ಬಂತು, ಸ್ವೆಟರ್ ಹೋಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮೂರು ಗಂಟೆ ಹೋರಾಡಿದೆ. ಅದಕ್ಕಿಂತ ವಿಚಿತ್ರವೆಂದರೆ, ಮುಖಗಳು ಸರಿಯಾಗಿದ್ದಾಗಲೆಲ್ಲ ಅವಳ ಪಕ್ಕದಲ್ಲೇ ಅಪ್ಪಟ ಹಸಿರು ಸ್ವೆಟರಿನ ಇನ್ನೊಬ್ಬಳು ನಿಂತಿರುತ್ತಿದ್ದಳು.

ಕನ್ನಡಿಯಲ್ಲಿ ಹೆಂಡತಿಯ ಪ್ರತಿಬಿಂಬ ಕಾಣಿಸಿತು. ಕ್ಯಾಸೆಟ್ಟಿನವಳಲ್ಲ, ಈಗಿನವಳು. ಕೈಯಲ್ಲಿ ಒರೆಸುವ ಬಟ್ಟೆ.

"ಟಿವಿ ಸರಿಯಾಗಿದೆ. ನಂದು ಹಳದಿನೇ" ಎಂದಳು. "ಹಸಿರು ಹಾಕ್ಕೊಂಡಿದ್ದು ಟೈಪಿಸ್ಟು. ಹಸಿರು ನೋಡಿ ಬಿದ್ದೆ ಅಂತ ಊರಿಗೆಲ್ಲ ಹೇಳ್ತೀರಲ್ಲ, ಯಾರನ್ನ ನೋಡಿ ಬಿದ್ರಿ?"

ಈ ಮಸುಕು ಟಿವಿಯಲ್ಲಿ ಇಬ್ಬರೂ ಹಸಿರಾಗಿ ಕಂಡು, ನೋಡುತ್ತಾ ನೋಡುತ್ತಾ ಅದೇ ನನ್ನ ನೆನಪಾಗಿಬಿಟ್ಟಿತ್ತು. ಸ್ವೆಟರ್ ಬಿಡು ಎಂದೆ. ಅವತ್ತು ನೀನು ನನ್ನ ಶೂ ಮೇಲೆ ಟೀ ಚೆಲ್ಲಿ, ನೀವೇ ಅಡ್ಡ ಬಂದಿರಿ ಎಂದು ಜಗಳ ಆಡಿದೆಯಲ್ಲ, ಬಿದ್ದದ್ದು ಅದಕ್ಕೆ ಎಂದೆ.

"ಟೀ ಚೆಲ್ಲಿದ್ದೂ ಅವಳೇ. ಒರೆಸೋಕೆ ಬಟ್ಟೆ ತಂದುಕೊಟ್ಟಿದ್ದು ನಾನು. ಇವತ್ತಿಗೂ ಅದೇ ಕೆಲಸ."

ಇಂಥ ಹೊತ್ತಿನಲ್ಲಿ ಜಾಣರು ತಪ್ಪೊಪ್ಪಿಕೊಳ್ಳುತ್ತಾರೆ. ನಾನು ತಂತ್ರಜ್ಞಾನದ ಮೊರೆಹೊಕ್ಕೆ! ತಪ್ಪು ನನ್ನದಲ್ಲ, ಹಸಿರು ಗನ್ನಿನದು. ಅದಕ್ಕೂ ಶಕ್ತಿ ಕುಂದಿದೆ, ಅದಕ್ಕೇ ನಿನ್ನ ಸ್ವೆಟರ್ ಹಳದಿ ಕಾಣುತ್ತಿದೆ, ಈಗ ನೋಡು ಎಂದವನೇ ಟಿವಿ ಆರಿಸಿ, ಮುಕ್ಕಣ್ಣನ ಸಾಕೆಟ್ಟನ್ನು ಟ್ಯೂಬಿನ ಕತ್ತಿಗೆ ಸಿಕ್ಕಿಸಿ, ಗುಂಡಿ ಒತ್ತಿದೆ. ಒಂದು ಕ್ಷಣ ಸಾಲದೆಂದು ಹತ್ತು ಎಣಿಸಿದೆ. ಟ್ಯೂಬಿನ ಕತ್ತಿನಲ್ಲಿ ಚಟ್ ಎಂದು ಒಂದು ಕಿಡಿ ಹಾರಿತು. ಬೆಚ್ಚಿ ಅದನ್ನೇ ಹಿಡಿದುಕೊಂಡು ಎರಡು ಬೆರಳು ಸುಟ್ಟುಕೊಂಡೆ. ಆಗ ಗುಬುಟಿನ ಕಡೆ ನೋಡಿದೆ. ಅದು ಮುಕ್ಕಣ್ಣ ಬಿಟ್ಟುಹೋದ ಜಾಗದಲ್ಲೇ ಇತ್ತು, ಕೆಂಪಿನ ಮೇಲೆ. ತಿರುಗಿಸಲು ಮರೆತಿದ್ದೆ.

ಟಿವಿ ಹಾಕಿದೆವು. ಕೆಂಪು ಬಣ್ಣ ಈ ಲೋಕದ ಋಣ ಹರಿದುಕೊಂಡು ಹೋಗಿತ್ತು. ಕೆರೆದಂಡೆಯಲ್ಲಿ ಇಬ್ಬರು ಹಸಿರು ಸ್ವೆಟರಿನವರು ಅಕ್ಕತಂಗಿಯರಂತೆ ನಿಂತಿದ್ದರು. ಹೆಂಡತಿ ಸ್ವಲ್ಪ ಹೊತ್ತು ನೋಡಿ, ಈಗ ನಿಮಗೆ ಸಮಾಧಾನ ತಾನೇ ಎಂದು ಕೇಳಿ, ನನ್ನ ಬೆರಳಿಗೆ ಮುಲಾಮು ತರಲು ಹೋದಳು. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು.

ಶನಿವಾರ ಮುಕ್ಕಣ್ಣ ಬಂದು ಟ್ಯೂಬನ್ನೂ ನನ್ನ ಬೆರಳಿನ ಪಟ್ಟಿಯನ್ನೂ ನೋಡಿದರು. ಇನ್ನು ಬ್ರಹ್ಮನಿಂದಲೂ ಆಗದು ಎಂದು ಪೆಟ್ಟಿಗೆ ಹೊತ್ತುಕೊಂಡು ಹೋದರು. ರಾವಣಾಸುರನ ಹಾಗೆ ಮೆರೆದಿದ್ದ ನಾನು ಟಿವಿಯ ಬೆನ್ನು ಮುಚ್ಚಿ, ಬಾಗಿಲು ಹಾಕಿ, ಮಾವನವರಿಗೆ ಟಿವಿಯ ನೆನಪೇ ಬಾರದಿರಲಿ ಎಂದು ಬೇಡಿಕೊಂಡೆ.

ಭಾನುವಾರ ಮಾವ ಬಂದವರು ಚಪ್ಪಲಿ ಬಿಡುವುದಕ್ಕೂ ಮುಂಚೆ ಟಿವಿ ಹಾಕಿಸಿದರು. ಕುರ್ಚಿ ಎಳೆದುಕೊಂಡು ಕೂತರು. ಪಾಚಿ ಬಣ್ಣದವನೊಬ್ಬ ಹವಾಮಾನ ಹೇಳುತ್ತಿದ್ದ. ಮಾವ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ನಾನು ಪಟ್ಟಿ ಕಟ್ಟಿದ ಬೆರಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು, ತೀರ್ಪು ಕೇಳಲು ನಿಂತ ಕಳ್ಳನಂತೆ ನಿಂತಿದ್ದೆ.

"ನಮ್ಮ ಮನೆಯಲ್ಲಿದ್ದಾಗ ಹೇಗಿತ್ತೋ ಹಾಗೇ ಇದೆ" ಎಂದರು. ಅವರ ದನಿ ಸ್ವಲ್ಪ ಒದ್ದೆಯಾಗಿತ್ತು. "ಆ ಹೊಸ ಟಿವಿಯಲ್ಲಿ ಎಲ್ರೂ ಸಿಟ್ಟು ಬಂದವರ ಹಾಗೆ ಕೆಂಪಗೆ ಕಾಣ್ತಾರೆ. ನಿಜ ಹೇಳ್ಬೇಕಂದ್ರೆ, ನೀವು ಇದನ್ನ ಬಿಚ್ಚಿ ಹಾಳು ಮಾಡಿರ್ತೀರಿ ಅಂತಲೇ ಬಂದೆ. ಒಂದು ಸ್ಕ್ರೂ ಕೂಡ ಮುಟ್ಟಿಲ್ಲ. ಮೆಚ್ಚಿದೆ ಅಳಿಯಂದಿರೇ."

ಇಪ್ಪತ್ತೆರಡು ವರ್ಷ ಕಾದ ಮಾತು! ನಾನು ನೆಲ ನೋಡುತ್ತಾ, ಎಲ್ಲ ನಿಮ್ಮ ಆಶೀರ್ವಾದ ಎಂದೆ. ಟೀ ಹಿಡಿದು ಬಂದ ಹೆಂಡತಿ ಲೋಟವನ್ನು ಅಪ್ಪನ ಕೈಗಿತ್ತು ತಣ್ಣಗೆ ಹೇಳಿದಳು:

"ಸುಮ್ನೆ ಆಗಲಿಲ್ಲ ಅಪ್ಪ. ಹೀಗೆ ಮುಟ್ಟದೆ ಇಟ್ಟ ಹಾಗೆ ಮಾಡೋಕೆ ಇವರಿಗೆ ಹನ್ನೊಂದು ದಿನ ಹಿಡೀತು."

ಮಾವ ಗಂಭೀರವಾಗಿ ತಲೆದೂಗಿದರು. "ಹಿಡಿಯುತ್ತಮ್ಮ. ಮನಸ್ಸನ್ನ ಕಟ್ಟಿ ಹಾಕೋದು ಅಂದ್ರೆ ಸುಲಭವಾ?"