ನೂರಾ ಹನ್ನೆರಡನೆಯ ಪುಟ

ಅಣವೀರಪ್ಪನವರ ಆ ದಿನದ ಪಜೀತಿಗೆಲ್ಲ ಕಾರಣ ಏಳು ಬೆಂಕಿಕಡ್ಡಿಗಳು. ಅವೂ ನಿಜವಾದ ಕಡ್ಡಿಗಳಲ್ಲ, ಒಂದು ಪ್ರಬಂಧದೊಳಗೆ ಬರುವ ಕಡ್ಡಿಗಳು.

ಹಿಂದಿನ ಭಾನುವಾರ ಮುಂಬಯಿಯ ಗೋರೆಗಾಂವ್‌ನಲ್ಲಿ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದಾಗ ಅವರೊಂದು ತೆಳು ಪುಸ್ತಕ ಕೊಂಡಿದ್ದರು. ಪುಸ್ತಕಗಳ ಬಗ್ಗೆ, ಓದುವ ಸುಖದ ಬಗ್ಗೆ ಯಾರೋ ಪುಣ್ಯಾತ್ಮರು ಬರೆದ ಪ್ರಬಂಧಗಳು. ಅಣವೀರಪ್ಪನವರಿಗೆ ಕಾದಂಬರಿ ಒಗ್ಗುತ್ತಿರಲಿಲ್ಲ. ಅದರೊಳಗೆ ನಲವತ್ತು ಮಂದಿ ತಂತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ, ಓದುವವನನ್ನು ಬಾ ಎಂದು ಕರೆಯುವವರಿಲ್ಲ. ಪ್ರಬಂಧ ಹಾಗಲ್ಲ. ಒಬ್ಬ ಮನುಷ್ಯ ಬಂದು ಎದುರು ಕೂತು, ತಾನು ಯಾವ ಪುಸ್ತಕ ಓದಿದೆ, ಎಲ್ಲಿ ಕೂತು ಓದಿದೆ, ಓದುವಾಗ ಹೊರಗೆ ಏನು ಸದ್ದಾಗುತ್ತಿತ್ತು ಎಂದು ಹೇಳಿಕೊಳ್ಳುತ್ತಾನೆ. ಮನೆಗೆ ಯಾರೋ ಬಂದ ಹಾಗಾಗುತ್ತದೆ. ಅವರ ಮನೆಗೆ ಬರುವವರೆಂದರೆ ಹಾಲಿನವನು ಮಾತ್ರ, ಅವನೂ ಚೀಲವನ್ನು ಬಾಗಿಲ ಹಿಡಿಕೆಗೆ ಸಿಕ್ಕಿಸಿ ಹೋಗುತ್ತಿದ್ದ.

ಐವತ್ತಮೂರು ವರ್ಷದ ಅಣವೀರಪ್ಪ ವಿಜಯಪುರದ ಕಡೆಯವರು. ಅಂಧೇರಿಯ ಒಂದು ಕಚೇರಿಯಲ್ಲಿ ಡಿಸ್ಪ್ಯಾಚ್ ಗುಮಾಸ್ತ. ಭಾಂಡುಪ್‌ನ ಬಿಲ್ಡಿಂಗೊಂದರ ಮೂರನೆಯ ಮಾಳಿಗೆಯಲ್ಲಿ ಇಪ್ಪತ್ತೇಳು ವರ್ಷದಿಂದ ಒಬ್ಬರೇ ಇದ್ದಾರೆ. ಅವರ ಬಾಳು ಫಾಸ್ಟ್ ಲೋಕಲ್ ರೈಲಿನಂತೆ ಮದುವೆಯೆಂಬ ಸ್ಟೇಶನ್ನಿನಲ್ಲಿ ನಿಲ್ಲದೆ ಮುಂದೆ ಹೋಗಿಬಿಟ್ಟಿತ್ತು. ಯಾಕೆ ನಿಲ್ಲಲಿಲ್ಲ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ.

ಆ ಬೆಳಿಗ್ಗೆ ಚಹಕ್ಕೆ ನೀರಿಟ್ಟು ಅವರು ಕೊನೆಯ ಪ್ರಬಂಧ ಓದಿದರು. ಲೇಖಕರು ಹಳೆ ಪುಸ್ತಕದ ಅಂಗಡಿಯಲ್ಲಿ ಒಂದು ದಪ್ಪ ಪುಸ್ತಕ ಕೊಂಡಿದ್ದಾರೆ. ಅದರೊಳಗೆ ಹದಿನಾರು ಪುಟಕ್ಕೊಂದರಂತೆ ಬೆಂಕಿಕಡ್ಡಿ. ಹಿಂದೆ ಅದನ್ನು ಓದಿದವನ್ಯಾರೋ ದಿನಕ್ಕೆ ಹದಿನಾರು ಪುಟ ಓದಿ, ನಿಲ್ಲಿಸಿದಲ್ಲಿ ಕಡ್ಡಿಯಿಟ್ಟು ಮಲಗುತ್ತಿದ್ದನೆಂದು ಕಾಣುತ್ತದೆ. ಏಳನೆಯ ಕಡ್ಡಿ ನೂರಾ ಹನ್ನೆರಡನೆಯ ಪುಟದಲ್ಲಿ. ಆಮೇಲೆ ಕಡ್ಡಿಯೇ ಇಲ್ಲ. ಅವನು ಅಲ್ಲಿಗೇ ಯಾಕೆ ನಿಲ್ಲಿಸಿದ? ಲೇಖಕರು ಇದಕ್ಕೊಂದು ಉತ್ತರ ಊಹಿಸಿ ಬರೆದಿದ್ದರು. ಅದನ್ನು ಓದಿದ ಅಣವೀರಪ್ಪನವರ ಕಣ್ಣು ಒದ್ದೆಯಾಯಿತು, ಒಲೆಯ ಮೇಲಿನ ನೀರು ಬತ್ತಿ ಪಾತ್ರೆ ಸೀದುಹೋಯಿತು.

ಪುಸ್ತಕದ ಕೊನೆಯ ಸಾಲು ಇನ್ನೂ ತಾಪತ್ರಯದ್ದು. ಓದಿ ಖುಷಿಪಟ್ಟದ್ದನ್ನು ಇನ್ನೊಬ್ಬರಿಗೆ ಹೇಳುವವರೆಗೆ ಓದು ಮುಗಿದಂತಲ್ಲ ಎಂದು ಲೇಖಕರು ಬರೆದಿದ್ದರು. ಅಣವೀರಪ್ಪ ಮಾತು ಕೇಳುವ ಮನುಷ್ಯ. ಇವತ್ತು ಯಾರಿಗಾದರೂ ಹೇಳಿಯೇ ತೀರುವುದೆಂದು ಪುಸ್ತಕ ಹಿಡಿದುಕೊಂಡು ಎದುರು ಮನೆಯ ಗಂಟೆ ಒತ್ತಿದರು.

ಎದುರು ಮನೆಯ ಸಿದ್ದರಾಮಪ್ಪ ಧಾರವಾಡದವರು, ಬಟ್ಟೆ ವ್ಯಾಪಾರಿ. ಎದುರುಬದುರು ಇದ್ದ ಹನ್ನೊಂದು ವರ್ಷದಲ್ಲಿ ಅಣವೀರಪ್ಪ ತಾವಾಗಿ ಗಂಟೆ ಒತ್ತಿದ್ದು ಅದೇ ಮೊದಲು. ಸಿದ್ದರಾಮಪ್ಪ ಗಾಬರಿಯಲ್ಲೇ ಬಾಗಿಲು ತೆರೆದರು.

"ಒಂದ್ ಹತ್ತು ಮಿನಿಟ್ ಕುಂದರ್ರಿ. ನಿಮಗೊಂದು ಚಲೋ ಮಾತು ಹೇಳೂದೈತ್ರಿ" ಎಂದರು ಅಣವೀರಪ್ಪ.

ಮುಂಬಯಿಯಲ್ಲಿ ಈ ಮಾತನ್ನು ಹೇಳುವವರು ಒಂದೇ ಜಾತಿಯವರು. ಟೂತ್‌ಪೇಸ್ಟು, ಪ್ರೋಟೀನ್ ಪುಡಿ, ಮೊಣಕಾಲಿನ ಎಣ್ಣೆ ಮಾರುತ್ತ, ನೀವೂ ಸೇರಿ, ಇನ್ನು ನಾಲ್ವರನ್ನು ಸೇರಿಸಿ ಎನ್ನುವವರು. ಸಿದ್ದರಾಮಪ್ಪನವರ ಭಾವಮೈದುನನೇ ಹೋದ ತಿಂಗಳು ಹೀಗೆ ಬಂದು ಹತ್ತು ಮಿನಿಟಿನಲ್ಲಿ ಒಂದು ಪೆಟ್ಟಿಗೆ ಟೂತ್‌ಪೇಸ್ಟು ಇಳಿಸಿ ಹೋಗಿದ್ದ.

"ನಮ್ಮನ್ಯಾಗ ಎಲ್ಲಾ ಅದಾವ್ರಿ" ಎಂದರು ಸಿದ್ದರಾಮಪ್ಪ, ಬಾಗಿಲು ಅರ್ಧ ಮುಚ್ಚಿ.

"ಇದು ಇರಂಗಿಲ್ರಿ. ನಾನೂ ಮೊದಲು ನಂಬಿದ್ದಿಲ್ಲ. ಜೀವನಾನ ಬದಲಿ ಮಾಡೂವಂಥಾದ್ದು. ನೀವೇನೂ ಕೊಡೂದು ಬ್ಯಾಡ, ಬರೇ ಕೇಳಿದ್ರ ಸಾಕು."

ಉಳಿದರ್ಧ ಬಾಗಿಲೂ ಮುಚ್ಚಿತು. ಒಳಗಿನಿಂದ ಸಿದ್ದರಾಮಪ್ಪನವರ ಹೆಂಡತಿ ಶೈಲಾ ಯಾರೆಂದು ಕೇಳಿದ್ದೂ, ಪಾಪ, ಅಣವೀರಪ್ಪ ಎಂಥದೋ ಕಂಪನಿ ಸೇರ್ಯಾರ ಎಂದು ಗಂಡ ಮರುಕಪಟ್ಟದ್ದೂ ಹೊರಗೆ ಕೇಳಿಸಿತು. ಯಾರೋ ಬೇರೆ ಅಣವೀರಪ್ಪನಿರಬೇಕೆಂದುಕೊಂಡು ಇವರು ಮೆಟ್ಟಿಲಿಳಿದರು.

ಅವರು ಸ್ಟೇಶನ್ ಮುಟ್ಟುವ ಹೊತ್ತಿಗೆ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಎಚ್ಚರಿಕೆ ಹರಿದಾಡಿತ್ತು. ಹೆಸರು ಹಾಕಿರಲಿಲ್ಲ. ಮೂರನೆಯ ಮಾಳಿಗೆಯ ಒಬ್ಬರು ಹತ್ತು ನಿಮಿಷ ಕೂರಲು ಹೇಳಿದರೆ ಕೂರಬೇಡಿ ಎಂದಷ್ಟೇ ಇತ್ತು. ಅಣವೀರಪ್ಪ ಆ ಗುಂಪಿನಲ್ಲಿರಲಿಲ್ಲ, ಅವರನ್ನು ಸೇರಿಸಬೇಕೆಂದು ಯಾರಿಗೂ ನೆನಪಾಗಿರಲಿಲ್ಲ. ಆದರೆ ಕೆಳಗಿನ ಮಾಳಿಗೆಯ ಶೇಖರ ಇದ್ದ. ಉಡುಪಿಯ ಕಡೆಯ ಈತ ದಿನವೂ ಘಾಟ್ಕೋಪರ್‌ವರೆಗೆ ಲೋಕಲ್ಲಿನಲ್ಲಿ, ಅಲ್ಲಿಂದ ಮೆಟ್ರೋದಲ್ಲಿ ಅಂಧೇರಿಯವರೆಗೆ ಅವರ ಜೊತೆಗಾರ. ಜೊತೆಗಾರನೆಂದರೆ ಮಾತಿನ ಜೊತೆಗಾರನಲ್ಲ, ಪಕ್ಕದಲ್ಲಿ ನಿಲ್ಲುವವನು. ಇವತ್ತು ಮೆಟ್ರೋದಲ್ಲಿ ಅಣವೀರಪ್ಪ ಪುಸ್ತಕ ತೆರೆದು, "ಶೇಖರ, ಇದನ್ನ ಒಂಚೂರು ಕೇಳಿಲ್ಲಿ" ಎನ್ನುವಷ್ಟರಲ್ಲಿ ಅವನು ಫೋನು ಕಿವಿಗಿಟ್ಟು ಜೋರಾಗಿ ಹಲೋ ಎಂದ. ಹೌದು ಮಾರಾಯ, ಬರ್ತೇನೆ ಮಾರಾಯ ಎಂದು ಮೂರು ಸ್ಟೇಶನ್ನುಗಳವರೆಗೆ ಮಾತಾಡಿದ. ನಾಲ್ಕನೆಯದರಲ್ಲಿ ಅವನ ಕಿವಿಯಲ್ಲಿದ್ದ ಫೋನೇ ಗಂಟೆ ಬಾರಿಸತೊಡಗಿತು. ಶೇಖರ ಕೆಂಪಗಾಗಿ ಆ ಸ್ಟೇಶನ್ನಿನಲ್ಲೇ ಇಳಿದುಹೋದ. ಅವನ ಆಫೀಸು ಅಲ್ಲಿರಲಿಲ್ಲ.

ಅಣವೀರಪ್ಪನವರಿಗೆ ಬೇಜಾರಾಯಿತು. ತನ್ನಲ್ಲೇ ಏನೋ ಐಬಿರಬೇಕು, ಬಾಯಿ ವಾಸನೆಯೇ ಇರಬಹುದೇನೋ ಎಂದು ಅಂಗೈಗೆ ಊದಿ ನೋಡಿಕೊಂಡರು.

ಮಧ್ಯಾಹ್ನ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುವಾಗ ಸಹೋದ್ಯೋಗಿ ನಮಿತಾ ಸಿಕ್ಕಳು. ಅವಳು ಗೋರೆಗಾಂವ್‌ನ ಹೋಟೆಲಿನವರ ಮಗಳು. ಮುಂಬಯಿಯಲ್ಲೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತಿತ್ತು, ಆಡಲು ತಡವರಿಸುತ್ತಿದ್ದಳು. ಆದರೆ ಒಳ್ಳೆಯ ಹುಡುಗಿ, ಓಡಿಹೋಗಲಿಲ್ಲ. ಅಣವೀರಪ್ಪ ಉತ್ಸಾಹದಿಂದ ಐದನೆಯ ಕಡ್ಡಿಯವರೆಗೆ ಬಂದರು.

"ಅಂಕಲ್, ಏಕ್ ಮಿನಿಟ್" ಎಂದಳು ನಮಿತಾ ಮೆಲ್ಲಗೆ. "ಇದ್ರಲ್ಲಿ ನಿಮಗೆ ಎಷ್ಟು ಸಿಗ್ತದೆ?"

"ಸಿಗೂ ಸುಖಾನ ಲೆಕ್ಕ ಹಾಕಾಕ ಬರಂಗಿಲ್ಲವ್ವಾ."

"ಎಲ್ಲರೂ ಹಾಗೇ ಹೇಳೋದು ಅಂಕಲ್. ನಮ್ಮ ಮಾಮ ಕೂಡ ಹೀಗೇ ಫಸ್ ಗಯೇ, ಸಿಕ್ಕಿಬಿದ್ರು."

ಅವಳ ಕಣ್ಣಿನಲ್ಲಿ ಮರುಕ ತುಂಬಿತ್ತು. ಕಥೆ ಅವಳ ಮನಸ್ಸಿಗೆ ನಾಟಿತೆಂದು ಅಣವೀರಪ್ಪ ತಿಳಿದರು. ಅವಳು ಅರ್ಧ ಊಟ ಬಿಟ್ಟು ಎದ್ದು, ಇವರಿಗೆ ಉಪಕಾರವಾಗಲೆಂದು ನೇರ ಸಾಹೇಬರ ಕೋಣೆಗೆ ಹೋದಳು. ಈ ವಯಸ್ಸಿನಲ್ಲಿ ಅಡ್ಡ ವ್ಯಾಪಾರಕ್ಕೆ ಇಳಿದಿದ್ದಾರೆಂದರೆ ಪಾಪ ಏನೋ ತೊಂದರೆ ಇರಬೇಕು, ಸ್ವಲ್ಪ ವಿಚಾರಿಸಿ ಎಂದಳು.

ಸಾಹೇಬರು ಮರಾಠಿಯವರು. ಅಣವೀರಪ್ಪನವರನ್ನು ಕರೆಸಿ, ಏನು ನಡೆಸಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದರು. ಕೊನೆಗೊಬ್ಬರು ತಾವಾಗಿ ಕೇಳಿದರಲ್ಲ ಎಂದು ಅಣವೀರಪ್ಪ ಕುರ್ಚಿ ಎಳೆದುಕೊಂಡು ಕೂತು, ತಮ್ಮ ಹರಕು ಹಿಂದಿಯಲ್ಲಿ ಕಡ್ಡಿಗಳನ್ನು ಒಂದೊಂದಾಗಿ ಜೋಡಿಸತೊಡಗಿದರು. ಮೂರನೆಯ ಕಡ್ಡಿಗೆ ಸಾಹೇಬರ ಹುಬ್ಬು ಗಂಟಿಕ್ಕಿತು.

"ಮಾಚಿಸ್ ಕಾ ಧಂದಾ?" ಎಂದು ಕೇಳಿದರು.

ಬೆಂಕಿಪೆಟ್ಟಿಗೆಯ ವ್ಯಾಪಾರವಲ್ಲ, ಪುಸ್ತಕದ ಮಾತು ಎಂದರೆ, ಹಾಗಾದರೆ ಪುಸ್ತಕ ಮಾರುತ್ತೀರಾ ಎಂದರು. ಇನ್ನೊಬ್ಬರು ಓದಿ ನಿಲ್ಲಿಸಿದ ಪುಸ್ತಕ ಎಂದರೆ, ಹಳೆ ಮಾಲೋ ಎಂದರು. ಕೊನೆಗೆ ಒಂದು ಕಾಗದ ಮುಂದೆ ತಳ್ಳಿದರು. ಕಚೇರಿಯ ವೇಳೆಯಲ್ಲಿ ತಾನು ಬೆಂಕಿಪೆಟ್ಟಿಗೆ, ಪುಸ್ತಕ ಅಥವಾ ಬೇರಾವ ವಸ್ತುವನ್ನೂ ಯಾರಿಗೂ ಮಾರುವುದಿಲ್ಲ, ಆ ಬಗ್ಗೆ ಮಾತೂ ಆಡುವುದಿಲ್ಲ ಎಂದು ಬರೆದು ಅಣವೀರಪ್ಪ ಸಹಿ ಹಾಕಿದರು. ಮಾತೂ ಆಡುವುದಿಲ್ಲ ಎಂಬ ಸಾಲನ್ನು ಮತ್ತೊಮ್ಮೆ ಓದಿಕೊಂಡರು. ಇಷ್ಟು ವರ್ಷ ಮಾಡಿಕೊಂಡು ಬಂದದ್ದು ಅದನ್ನೇ ಅಲ್ಲವೇ, ಅದಕ್ಕೀಗ ಸಹಿ ಬೇರೆ.

ಸಂಜೆ ಘಾಟ್ಕೋಪರ್ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಅವರು ಎರಡು ಗಾಡಿ ಬಿಟ್ಟರು. ಮನೆಗೆ ಹೋಗುವ ಮನಸ್ಸಿರಲಿಲ್ಲ. ಪುಸ್ತಕ ತೊಡೆಯ ಮೇಲಿತ್ತು. ಆಗ ಪಕ್ಕದಲ್ಲಿ ಬಂದು ಕೂತ ತರುಣನೊಬ್ಬ, ಬೆನ್ನಿನ ದೊಡ್ಡ ಚೀಲ ಇಳಿಸಿ ಮಡಿಲಲ್ಲಿಟ್ಟುಕೊಂಡು ನಗುತ್ತ ಕೇಳಿದ.

"ಕನ್ನಡ ಪುಸ್ತಕ ಅಲ್ವಾ ಸರ್? ಕಂಡು ಖುಷಿಯಾಯ್ತು. ಎಂತದರ ಬಗ್ಗೆ?"

ಅಣವೀರಪ್ಪ ತಬ್ಬಿಬ್ಬಾದರು. ಬೆಳಗಿನಿಂದ ಕಲಿತ ಪಾಠ ನೆನಪಾಗಿ, ಹೇಳೋದಕ್ಕೆ ಹೊತ್ತು ಹಿಡಿಯುತ್ತದೆ ತಮ್ಮಾ ಎಂದರು.

"ಹಿಡೀಲಿ ಸರ್. ನನಗೆಂತ ಅರ್ಜೆಂಟಿಲ್ಲ."

ಹೆಸರು ಪ್ರೀತಮ್ ಎಂದ. ಮಂಗಳೂರಿನವನು, ಮುಂಬಯಿಗೆ ಬಂದು ಎಂಟು ತಿಂಗಳು. ಲೋಕಲ್ಲಿನಲ್ಲಿ ನಿಂತುಕೊಂಡೇ ಮೊದಲ ಎರಡು ಕಡ್ಡಿ ಕೇಳಿದ. ಭಾಂಡುಪ್ ಬಂದಾಗ ಅಣವೀರಪ್ಪ ಅಳುಕುತ್ತ, ಒಂದು ಕಪ್ ಚಹ ಕುಡಿದು ಹೋಗಬಹುದಲ್ಲ ಎಂದರು. ಅವನು ತಕ್ಷಣ ಇಳಿದ. ಮೂರನೆಯ ಮಾಳಿಗೆಯಲ್ಲಿ ಬೀಗ ತೆಗೆಯುವಾಗ ಎದುರು ಮನೆಯ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಒಬ್ಬ ಸಿಕ್ಕಿಬಿದ್ದಾನ ನೋಡು, ಹುಡುಗ ಬಾಳ ಸಣ್ಣಾವ ಎಂದು ಸಿದ್ದರಾಮಪ್ಪ ಒಳಗಿನವರಿಗೆ ಹೇಳಿದರು. ಅಣವೀರಪ್ಪನವರಿಗೆ ಅದು ಕೇಳಿಸಲಿಲ್ಲ. ಮನೆಯಲ್ಲಿ ಇನ್ನೊಂದು ಕಪ್ಪು ಎಲ್ಲಿಟ್ಟಿದ್ದೇನೆಂದು ಅವರು ಯೋಚಿಸುತ್ತಿದ್ದರು.

ಕಪ್ಪು ಮೇಲಿನ ಹಲಗೆಯಲ್ಲಿ ಸಿಕ್ಕಿತು, ತೊಳೆಯಲು ಹೊತ್ತು ಹಿಡಿಯಿತು. ಚಹ ಕೊಟ್ಟು ಕೂತ ಅಣವೀರಪ್ಪ ಮೊದಲಿನಿಂದ ಹೇಳಿದರು. ಪ್ರೀತಮ್ ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ, ಫೋನು ಮುಟ್ಟಲಿಲ್ಲ. ನಡುನಡುವೆ ಹೌದಾ ಸರ್ ಎನ್ನುತ್ತಿದ್ದ. ಏಳನೆಯ ಕಡ್ಡಿ ಬಂದಾಗ ಮುಂದಕ್ಕೆ ಬಾಗಿ, "ಅಲ್ಲಿಗೇ ಯಾಕೆ ನಿಲ್ಲಿಸಿದ ಸರ್ ಅವ?" ಎಂದ.

ಬೆಳಗಿನಿಂದ ಅಣವೀರಪ್ಪ ಕಾದದ್ದು ಈ ಪ್ರಶ್ನೆಗೆ. ಬೆಳಗಿನಿಂದ ಏನು, ಎಷ್ಟೋ ವರ್ಷದಿಂದ ಇರಬೇಕು.

"ಅಂವ ಸತ್ತಿರಬೇಕಂತ ನಾವು ಅನ್ಕೋತೀವಿ" ಎಂದರು. "ಬರದಾವರು ಹಂಗ ಅನ್ನೂದಿಲ್ಲ. ಆ ದಿವಸ ಅವನ ಮನೀಗೆ ಯಾರೋ ಬಂದಿರಬೇಕು ಅಂತಾರ. ಬಂದಾವರ ಜೋಡಿ ಮಾತಿಗೆ ಕುಂತಾನ. ಮರುದಿನಾನೂ ಅವರು ಬಂದಾರ. ಆಮ್ಯಾಲೆ ಅವಗ ಪುಸ್ತಕದ ಗರಜು ಬೀಳಲಿಲ್ಲ. ಉಳದದ್ದನ್ನ ಅವನ ಪರವಾಗಿ ನಾ ಓದಿ ಮುಗಿಸೀನಿ ಅಂತ ಬರದಾರ."

ಪ್ರೀತಮ್ ತಲೆದೂಗಿದ. ಬಹಳ ಚಂದ ಉಂಟು ಸರ್ ಎಂದ. ಅಣವೀರಪ್ಪನವರ ಎದೆ ತುಂಬಿ ಬಂತು. ಮನೆಯ ದೀಪವೇ ಇವತ್ತು ಜಾಸ್ತಿ ಉರಿಯುತ್ತಿದೆ ಅನ್ನಿಸಿತು. ಭಾನುವಾರ ಬಿಡುವಿದೆಯೇ, ಬೇರೆ ಪ್ರಬಂಧಗಳೂ ಇವೆ, ಉಪ್ಪಿಟ್ಟು ಮಾಡುತ್ತೇನೆ ಎಂದು ಕೇಳಲು ಬಾಯಿ ತೆರೆದರು.

"ನಿಮ್ಮದು ಆಯ್ತಲ್ಲ ಸರ್?" ಎಂದು ಪ್ರೀತಮ್ ಚೀಲವನ್ನೆತ್ತಿ ಟೀಪಾಯಿಯ ಮೇಲಿಟ್ಟು ಜಿಪ್ಪು ಎಳೆದ. ಒಳಗಿನಿಂದ ಒಂದು ಬಿಳಿ ಯಂತ್ರ, ಎರಡು ಗಾಜಿನ ಲೋಟ, ಬಣ್ಣದ ಕ್ಯಾಟಲಾಗು ಹೊರಬಂದವು. ನೀರು ಶುದ್ಧಮಾಡುವ ಯಂತ್ರ.

ಅಣವೀರಪ್ಪ ಯಂತ್ರವನ್ನು ನೋಡಿದರು, ಅವನನ್ನು ನೋಡಿದರು. ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದರು.

"ಗಿರಾಕಿ ಮಾತಾಡುವಾಗ ಮಧ್ಯ ಬಾಯಿ ಹಾಕ್ಬಾರ್ದು ಅಂತ ಟ್ರೇನಿಂಗಲ್ಲಿ ಹೇಳಿದ್ದಾರೆ ಸರ್. ಕೊನೆಗೊಂದು ಪ್ರಶ್ನೆಯೂ ಕೇಳ್ಬೇಕು" ಎಂದ ಪ್ರೀತಮ್, ಕಳ್ಳತನವೇನೂ ಇಲ್ಲದ ಮುಖದಲ್ಲಿ. ಪಾಪದ ಹುಡುಗ. ಎಂಟು ತಿಂಗಳಲ್ಲಿ ಅವನನ್ನು ಕರೆದು ಒಳಗೆ ಕೂರಿಸಿದವರು ಇವರೊಬ್ಬರೇ ಎಂದೂ ಹೇಳಿದ.

ಸಿಟ್ಟು ಬರಲಿಲ್ಲ ಅಣವೀರಪ್ಪನವರಿಗೆ. ಸಿಟ್ಟು ಬರುವುದಕ್ಕೂ ಒಳಗೆ ಸ್ವಲ್ಪ ಜಾಗ ಬೇಕು, ಅಲ್ಲಿ ಬೇರೇನೋ ತುಂಬಿಕೊಂಡಿತ್ತು. ನಲ್ಲಿಯ ನೀರಿಗೂ ಯಂತ್ರದ ನೀರಿಗೂ ಇರುವ ವ್ಯತ್ಯಾಸವನ್ನು ಅವನು ತೋರಿಸುವಾಗ ಸುಮ್ಮನೆ ನೋಡಿದರು. ಅಷ್ಟರಲ್ಲಿ ಒಂದು ಆಸೆ ಮೆಲ್ಲಗೆ ತಲೆಯೆತ್ತಿತು.

"ಇದನ್ನ ಆಗಾಗ ಸಾಫ್ ಮಾಡಬೇಕಾಗ್ತೈತಲ್ಲಾ?" ಎಂದರು. "ಅದಕ್ಕ ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ನೀನ ಬರ್ತೀಯೇನು?"

"ಅದೇ ಸರ್ ಇದರ ಸ್ಪೆಶಲ್" ಎಂದ ಪ್ರೀತಮ್ ಹೆಮ್ಮೆಯಿಂದ. "ಎಲ್ಲ ಅದೇ ಮಾಡಿಕೊಳ್ತದೆ. ಒಮ್ಮೆ ಗೋಡೆಗೆ ಹಾಕಿದ್ರೆ ಐದು ವರ್ಷ ನಿಮ್ಮ ಮನೆಗೆ ಯಾರೂ ಬರ್ಲಿಕ್ಕೇ ಇಲ್ಲ."

ಅಣವೀರಪ್ಪ ತಣ್ಣಗಾದ ಚಹ ಕುಡಿದು ಕಪ್ಪು ಕೆಳಗಿಟ್ಟರು.

"ಸ್ವಲ್ಪ ಜಲ್ದಿ ಕೆಡೂ ಅಂಥಾದ್ದು ಯಾವುದಾದ್ರೂ ಐತೇನು ತಮ್ಮಾ?"

ಪ್ರೀತಮ್ ಕ್ಯಾಟಲಾಗನ್ನು ಮೊದಲ ಪುಟದಿಂದ ಕೊನೆಯವರೆಗೆ ತಿರುವಿ ನೋಡಿದ. ಅಂಥದ್ದನ್ನು ಅವನ ಕಂಪನಿ ಮಾಡುತ್ತಿರಲಿಲ್ಲ.